ಮಗ್ಗ, ಮಗ್ಗಿ

ಡಂಡೀಯ ಹಿಲ್‌ಟೌನಿನ ಮೂಲೆಯಂಗಡಿಯಲ್ಲಿ
ಎಲ್ಲಕ್ಕಿಂತ ಅಗ್ಗದ ಇನ್‌ಸ್ಟಂಟ್ ಕಾಫಿ ಡಬ್ಬಿ ಹಿಡಿದು
ಸಾಲಿನಲ್ಲಿ ನಿಂತರೆ ನನಗೆ ನಾಚಿಕೆ.
ಕುಡಿಯುವುದಕ್ಕಲ್ಲ, ಎಂದು
ಯಾರೂ ಕೇಳದಿದ್ದರೂ ಹೇಳಬೇಕೆನಿಸುತ್ತದೆ.

ಕಾಫಿಪುಡಿ ಎಂಟು ಚಮಚ,
ಬಟ್ಟೆಸೋಡಾ ಮೂರು, ವಿಟಮಿನ್ ಸಿ ಒಂದು:
ಫಿಲ್ಮು ತೊಳೆಯಲು ಇಷ್ಟು ಸಾಕು.
ವಾಸನೆ ಮಾತ್ರ
ಒದ್ದೆ ನಾಯಿ ಕಾಫಿ ಚರಟದಲ್ಲಿ ಹೊರಳಿ ಬಂದಂತೆ.

ಕಪ್ಪು ಚೀಲದ ತೋಳುಗಳಲ್ಲಿ ಎರಡೂ ಕೈ ತೂರಿಸಿ
ನಾನು ಕೂತಿರುವುದು ಹಗಲಿನಲ್ಲಿ,
ಬೆರಳುಗಳಿಗೆ ಅಮಾವಾಸ್ಯೆ.
ಸುರುಳಿಯ ಹಲ್ಲಿಗೆ ಫಿಲ್ಮಿನ ತುದಿ ಸಿಗುವುದಿಲ್ಲ,
ಸಿಕ್ಕರೆ ಜಾರುತ್ತದೆ, ಬೆವರು.
ವಾರವಿಡೀ ಕನ್ನಡಕದಂಗಡಿಯಲ್ಲಿ
ಈಗ ಓದಿ, ಈಗ? ಎಂದು
ಊರಿಗೆಲ್ಲ ಕಣ್ಣು ಕೂರಿಸುವವಳು
ಭಾನುವಾರ ಹೀಗೆ ತಡಕಾಡುತ್ತೇನೆ.

ಕೆಳಮನೆಯ ಎಫೀ ಬಂದವಳು ಬಾಗಿಲಲ್ಲೇ ಮೂಗು ಮುಚ್ಚಿ
ಆಮೇಲೆ ಸ್ಟೂಲೆಳೆದು ಕೂರುತ್ತಾಳೆ.
ಎಂಬತ್ತನಾಲ್ಕು.
ಹದಿನೈದಕ್ಕೆ ಸೆಣಬಿನ ಗಿರಣಿ ಸೇರಿ
ಕಿವಿಯನ್ನು ಮಗ್ಗಕ್ಕೆ ಕೊಟ್ಟು
ತುಟಿ ಓದಲು ಕಲಿತವಳು.

ಡಬ್ಬಿಯನ್ನು ತಲೆಕೆಳಗು, ಮತ್ತೆ ನೆಟ್ಟಗೆ,
ನಿಮಿಷಕ್ಕೆ ಮೂರು ಸಲ, ಹದಿನೈದು ನಿಮಿಷ.
ಗಡಿಯಾರಕ್ಕಿಂತ ನನಗೆ ಮಗ್ಗಿಯ ಮೇಲೆ ನಂಬಿಕೆ:
ಹದಿನೇಳೊಂದ್ಲೆ ಹದಿನೇಳು,
ಹದಿನೇಳೆರಡ್ಲೆ ಮೂವತ್ತನಾಲ್ಕು,
ಹದಿನೇಳೆಂಟ್ಲೆ...
ಅದು ಮೂರನೆಯ ಕ್ಲಾಸಿನಿಂದಲೂ ನನ್ನ ಎಡವುಗಲ್ಲು.
ಅಲ್ಲಿ ಎಡವಿ ಎದ್ದು ಹತ್ತಕ್ಕೆ ಮುಟ್ಟಿದರೆ
ಸರಿಯಾಗಿ ಅರ್ಧ ನಿಮಿಷ.

"ಪ್ರಾರ್ಥನೆಯಾ?" ಎಂದಳು ಎಫೀ, ನನ್ನ ಬಾಯನ್ನೇ ನೋಡುತ್ತ.
"ಅಷ್ಟು ಮಗ್ಗಗಳ ಗದ್ದಲದಲ್ಲಿ
ಆಚೆ ಸಾಲಿನ ಚಾಡಿಯನ್ನೂ ಬಿಟ್ಟವಳಲ್ಲ ನಾನು.
ನಿನ್ನ ತುಟಿ ಒಂದಕ್ಷರವನ್ನೂ ಕೊಡುತ್ತಿಲ್ಲ."
ಲೆಕ್ಕ, ಎಂದೆ ಇಂಗ್ಲಿಷಿನಲ್ಲಿ, ತುಟಿ ಅಗಲಿಸಿ.
ಮಗ್ಗಕ್ಕೆ ಒಂದು ಗುಡಿಸು ಕೊಟ್ಟರೆ ಮಗ್ಗಿ ಎಂಬುದನ್ನು
ಹೇಗೆ ಹೇಳಲಿ? ಬಿಟ್ಟೆ.
ಡಬ್ಬಿ ಅವಳ ಕೈಗೆ ಕೊಟ್ಟೆ.
ಲಾಳಿ ಬದಲಿಸಿ ಬದಲಿಸಿ ಪಳಗಿದ ಮಣಿಕಟ್ಟು;
ಎಣಿಸದೆಯೇ ನಿಂತಿತು, ನಿಲ್ಲಬೇಕಾದ ಹೊತ್ತಿಗೆ.

ಹೈಪೋ, ನೀರು, ಮತ್ತೆ ನೀರು,
ಪಾತ್ರೆ ಸೋಪು ಒಂದೇ ಹನಿ.
ಸ್ನಾನದ ತೊಟ್ಟಿಯ ಮೇಲೆ, ಬಟ್ಟೆಕ್ಲಿಪ್ಪಿಗೆ ಜೋತು
ಒಂದೂವರೆ ಮೀಟರಿನಷ್ಟು ಭಾನುವಾರಗಳು.
ಮೊದಲ ಮೂರು ಬೆಳಕು ಕುಡಿದು ಹಾಳು.
ಆರರಲ್ಲಿ ಕಡಲಹಕ್ಕಿ, ಅದೂ ಬಾಲ ಮಾತ್ರ.
ಹದಿನಾಲ್ಕರಲ್ಲಿ ನಾವಿಬ್ಬರು:
ಹಿತ್ತಲ ಗೋಡೆಯ ಮೇಲೆ ಕ್ಯಾಮೆರಾ ಇಟ್ಟು
ಅದರ ಝುಂಯ್ ಮುಗಿಯುವುದರೊಳಗೆ ನಾನು ಓಡಿ ಬಂದು
ಬಟ್ಟೆ ಹರವುವ ಕಂಬದ ಪಕ್ಕ ನಿಂತದ್ದು.

ಎಫೀ ಕನ್ನಡಕ ಹಣೆಗೇರಿಸಿ ಬಲ್ಬಿನತ್ತ ಬಗ್ಗಿದಳು.
"ನನ್ನ ಕೂದಲು ಕಪ್ಪು."
ಸುಮ್ಮನಾದಳು.
ಆಮೇಲೆ, "ನಿನ್ನ ಜಡೆ ನೋಡು, ಮುದುಕಿಯದು.
ಮುಖಕ್ಕೆ ಸುಣ್ಣ ಬಳಿದಿದ್ದಾರೆ.
ಇಲ್ಲಿ ನೀನು ಊರಿನವಳು, ನಾನು ಬಂದವಳು."
ಇಬ್ಬರೂ ನಕ್ಕೆವು,
ಅವಳು ನನಗಿಂತ ಸ್ವಲ್ಪ ಹೆಚ್ಚು ಹೊತ್ತು.

ಪ್ರಿಂಟು ಹಾಕಿಕೊಡುತ್ತೇನೆ, ಎಂದೆ. ಬೇಡವಂತೆ.
"ಪ್ರಿಂಟಿನವಳು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಸಿಗುತ್ತಾಳೆ.
ಇದನ್ನೇ ಕೊಡು."
ಒಂಟಿ ಚೌಕ ಕತ್ತರಿಸಬಾರದು,
ಈ ಹುಚ್ಚು ಹಿಡಿದವರಿಗೆ ಅದು ಮೊದಲ ಪಾಠ.
ಕತ್ತರಿ ತಂದೆ.
ನಮ್ಮಂಗಡಿಯ ಕನ್ನಡಕದ ಪೆಟ್ಟಿಗೆಯೊಳಗೆ,
ಗಾಜೊರೆಸುವ ಬಟ್ಟೆಯ ಮಡಿಕೆಯಲ್ಲಿ
ಅದೀಗ ಕೆಳಮನೆಯಲ್ಲಿದೆ.

ನನ್ನ ಕಡತದಲ್ಲಿ ಹದಿಮೂರರಾಚೆ ಒಂದು ಖಾಲಿ ಕಿಂಡಿ.
ಬೆಳಕಿಗೆ ಹಿಡಿದರೆ ಅಲ್ಲಿ ಕಿಟಕಿ ಕಾಣುತ್ತದೆ,
ಟೇ ನದಿ,
ಸೇತುವೆಯ ಮೇಲೆ ಅವಸರವಿಲ್ಲದ ರೈಲು.
ಸಿಂಕಿನ ಕಾಫಿ ಕಲೆ ಇನ್ನೂ ಹೋಗಿಲ್ಲ.