ಮೂರನೇ ಮಹಡಿಯ ಸ್ಲೋ ಲೋಕಲ್

ಮಂಗಳವಾರ ದೇಸಾಯರ ಮನೆಗೆ ಹೊಸ ಫ್ರಿಜ್ ಬಂತು.
ಫ್ರಿಜ್ ಒಳಗೆ ಹೋಯಿತು,
ಅದರ ಅಂಗಿ ಹೊರಗೇ ಉಳಿಯಿತು:
ಆಳೆತ್ತರದ ರಟ್ಟಿನ ಪೆಟ್ಟಿಗೆ,
ಡೊಂಬಿವಲಿಯ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ
ಚಪ್ಪಲಿ ಸ್ಟ್ಯಾಂಡಿಗೂ ಮೀಟರ್ ಬೋರ್ಡಿಗೂ ನಡುವೆ.

ಸಂಜೆ ನಾನು ಬರುವಷ್ಟರಲ್ಲಿ ಅದು ಅಡ್ಡ ಮಲಗಿತ್ತು.
ತರಕಾರಿ ಚೂರಿಯಲ್ಲಿ ಯಾರೋ ಕೊಯ್ದ ಕಿಟಕಿ,
ಚೌಕವಾಗಲು ಹೊರಟು
ನಡುವೆ ಮನಸ್ಸು ಬದಲಿಸಿದ್ದು.
ಹಿಡಿಕೆಗೆ ನನ್ನದೇ ಹಸಿರು ಪ್ಲಾಸ್ಟಿಕ್ ಬಳೆ
ಲಂಗದ ಲಾಡಿಯಲ್ಲಿ ಜೋತು ತೂಗುತ್ತಿತ್ತು.

ದಾದರಿನಿಂದ ನಿಂತೇ ಬಂದವಳು ನಾನು,
ಯಾರದೋ ಮೊಣಕೈ ಪಕ್ಕೆಲುಬಲ್ಲಿ,
ಯಾರದೋ ಮಲ್ಲಿಗೆ ಮೂಗಲ್ಲಿ,
ದಿವಾ ದಾಟುವಾಗ ಒಂದೇ ಕಾಲು ನೆಲದಲ್ಲಿ.
ಮನೆಬಾಗಿಲಿಗೆ ಬಂದರೆ
ಇಲ್ಲೂ ಒಂದು ಲೋಕಲ್!

"ಪುಢೀಲ್ ಸ್ಟೇಶನ್..." ಮೂಗು ಹಿಡಿದು ಓಜಸ್ ಕೂಗಿದ,
"ಮೊಸಳೆವಾಡಿ!"
ನನ್ನ ಮೈನಾ ಕನ್ನಡದಲ್ಲಿ ಸೇರಿಸಿದಳು:
"ಇಳಿಯುವವರು ತಂತಮ್ಮ ಬಾಲ ಎತ್ತಿಕೊಳ್ಳಿ."

"ಮುಲುಂಡ್ ಆದಮೇಲೆ ಠಾಣೆ ಅಲ್ಲವೇನೇ?" ಎಂದೆ.
ಒಳ್ಳೆಯ ಮನಸ್ಸಿನಿಂದಲೇ ಎಂದೆ.
ಕೆಂಪು ಸಿಗ್ನಲ್ ಬಿದ್ದಂತೆ ರೈಲು ನಿಂತಿತು.
ನಾಲ್ಕು ಮಕ್ಕಳು ಎದ್ದು
ನಾಲ್ಕು ಮನೆಯೊಳಗೆ ಹೋದರು.

ಬುಧವಾರ ನಾನು ಬಾಯಿ ತೆರೆಯಲಿಲ್ಲ,
ಫೋನ್ ತೆಗೆದೆ.
ಎಷ್ಟು ಚಂದ, ಅಣ್ಣನಿಗೆ ಕಳಿಸೋಣ ಅಂತ.
ಮೊಸಳೆ ಎರಡು ಬೆರಳೆತ್ತಿ ನಕ್ಕಿತು.
ಗಾರ್ಡ್ ತಲೆಗೂದಲು ಸರಿಮಾಡಿಕೊಂಡ.
"ತೋರಿಸು, ತೋರಿಸು" ಎಂದು ಎಲ್ಲರೂ
ಓಡುವ ಗಾಡಿಯಿಂದ ಧುಮುಕಿ ನನ್ನ ಮೈಮೇಲೆ ಬಿದ್ದರು.
ಹನ್ನೊಂದು ಸೆಕೆಂಡಿನ ವಿಡಿಯೊ.
ರಾತ್ರಿ ಮತ್ತೆ ಮತ್ತೆ ನೋಡಿದೆ;
ಅದರಲ್ಲಿ ರೈಲೇ ಇರಲಿಲ್ಲ.

ಗುರುವಾರ ಫೋನನ್ನು ಅಕ್ಕಿಡಬ್ಬಿಯಲ್ಲಿ ಹೂತು
ಕಾಲೊರಸಿನ ಮೇಲೆ ಸುಮ್ಮನೆ ನಿಂತೆ.
ಕುಕ್ಕರ್ ಎರಡು ಸಲ ಕೂಗಿತು. ನಿಂತೆ.
ಅದು ಪ್ಲಾಟ್‌ಫಾರ್ಮ್ ಎಂದು ಅವರಿಗೆ ಹೊಳೆಯಲು
ಅಷ್ಟು ಹೊತ್ತು ಬೇಕಾಯಿತು.

"ಟಿಕೆಟ್?" ಝಿಯಾ ಕೈ ಚಾಚಿದಳು.
ಚೀಲದಿಂದ ಕರಿಬೇವಿನ ಒಂದೆಲೆ ಕಿತ್ತು ಕೊಟ್ಟೆ.
"ಇದು ಸೆಕೆಂಡ್ ಕ್ಲಾಸು.
ಕಿಟಕಿ ಬೇಕಿದ್ದರೆ ಇನ್ನೊಂದು ಎಲೆ."

ಕೊಟ್ಟೆ.
ಮಂಡಿಯನ್ನು ಗದ್ದಕ್ಕೆ ತಂದು ಕೂತೆ.
ಥರ್ಮಾಕೋಲ್ ಕಾಳು ಸೀರೆಗೆಲ್ಲ ಅಂಟಿತು.
ಮುಂಬೈಗೆ ಬಂದು ಹದಿಮೂರು ವರ್ಷ,
ಸಂಜೆ ಏಳೂವರೆಯ ಗಾಡಿಯಲ್ಲಿ
ಕಿಟಕಿ ಪಕ್ಕ ಕೂತದ್ದು ಇದೇ ಮೊದಲು.

"ನೋಡಮ್ಮಾ, ದೋಣಿ!"
ನನಗೆ ಕಂಡದ್ದು ಮೀಟರಿನ ಕೆಂಪು ದೀಪ,
ಮಿಣಕ್, ಮಿಣಕ್.
ಕಂಡಿತು ಎಂದು ಸುಳ್ಳು ಹೇಳಬಹುದಿತ್ತು.
"ನನಗಿನ್ನೂ ಕಾಣಿಸ್ತಿಲ್ಲ" ಎಂದೆ.
"ಹೊಸ ಪ್ಯಾಸೆಂಜರ್" ಎಂದು ಝಿಯಾ ಉಳಿದವರಿಗೆ ಹೇಳಿದಳು,
ಹೇಳಿ ನನ್ನ ಮಂಡಿ ತಟ್ಟಿದಳು.

ಆಮೇಲೆ ಸೆಕ್ರೆಟರಿ ದಾಮ್ಲೆಯವರ ಚೀಟಿ:
ದಾರಿಗೆ ಅಡ್ಡ, ರವಿವಾರದೊಳಗೆ ತೆಗೆಯತಕ್ಕದ್ದು.
ರದ್ದಿಯವನು ಬಂದ. ಕಾಲಿಂದ ಮೆಟ್ಟಿ
ಇಡೀ ರೈಲನ್ನು ಚಪ್ಪಟೆ ಮಾಡಿ ತೂಗಿದ,
ಎರಡು ಕಿಲೋ ಮುನ್ನೂರು ಗ್ರಾಂ.
ಬಳೆ ಬಿಚ್ಚಿ ನನಗೆ ಕೊಟ್ಟ.
ಮಕ್ಕಳು ಅಳುತ್ತಾರೆ ಎಂದು
ನಾನು ಚಾಕಲೇಟು ತಂದಿಟ್ಟಿದ್ದೆ.

ಸಂಜೆ ಹಾಲಿನ ಪ್ಯಾಕೆಟ್ ಹಿಡಿದು ಮೆಟ್ಟಿಲು ಹತ್ತಿದರೆ
ಬರಿ ನೆಲದಲ್ಲಿ ಇಬ್ಬರ ಹಿಂದೆ ಇಬ್ಬರು,
ತಿರುವು ಬಂದಾಗ ಎಲ್ಲರೂ ಎಡಕ್ಕೆ ವಾಲುತ್ತ.
ಪಕ್ಕದಿಂದ ಹಾದು ಹೋಗಲು ಹೆಜ್ಜೆ ಎತ್ತಿದೆ.

"ಅಮ್ಮಾ! ಅಲ್ಲಿ ಗೋಡೆ ಇದೆ!"

ತಪ್ಪಾಯಿತು ಎಂದೆ.
ಸುತ್ತು ಹಾಕಿ ಹೋಗಿ,
ಬಾಗಿಲು ಇದ್ದ ಕಡೆ
ತಲೆ ತಗ್ಗಿಸಿದೆ.