ಎಡಕ್ಕೆ ಕಲ್ಲು

ಶನಿವಾರ ನಡೆದೆವು. ಸೈಕಲ್ಲುಗಳು ಹಟ್ಟಿಹೊಳೆಯ ಅಂಗಡಿ ಹಿಂದೆ
ಒಂದಕ್ಕೊಂದು ಒರಗಿ, ಒಂದೇ ಬೀಗದಲ್ಲಿ.
ಕೋಟೆಬೆಟ್ಟಕ್ಕೆ ನಾನೂ ಪೆಮ್ಮಯ್ಯನೂ
ಹದಿನೆಂಟನೆಯ ಸಲವೋ, ಹತ್ತೊಂಬತ್ತೋ,
ಆ ಲೆಕ್ಕದಲ್ಲಿ ನಾವು ಒಪ್ಪಿದ್ದೇ ಇಲ್ಲ.

ಕಾಲುಚೀಲಕ್ಕೆ ಹೊಗೆಸೊಪ್ಪಿನ ಪುಡಿ ಉಜ್ಜಿದ್ದರೂ
ಜಿಗಣೆ ಅವನನ್ನೇ ಹುಡುಕಿ ಹತ್ತಿತು.
"ಕಂಬ ಹತ್ತಿದ ಕಾಲು, ರುಚಿ ಜಾಸ್ತಿ" ಅಂದ.
ಇಪ್ಪತ್ತೆರಡು ವರ್ಷ ಲೈನ್‌ಮನ್.
ಟಾರ್ಚು ಹಲ್ಲಿನಲ್ಲಿ ಕಚ್ಚಿ, ಕತ್ತಲೆಯಲ್ಲಿ
ಊರಿಗೆ ಊರನ್ನೇ ಬೆಳಗಿಸಿ ಇಳಿಯುತ್ತಿದ್ದವನು
ಈಗ ಕೌಂಟರಿನಲ್ಲಿ ಕೂತು ಬಿಲ್ಲಿಗೆ ಸೀಲು ಒತ್ತುತ್ತಾನೆ.

ಮೈಸೂರಿನ ಡಾಕ್ಟರು ಹಾಳೆಯ ಮೇಲೆ ಒಂದು ಸೊನ್ನೆ ಬರೆದು
ಇಷ್ಟು ಉಳಿದಿದೆ ಅಂದರಂತೆ.
ಅಂಚಿನಿಂದ ಮುಚ್ಚಿಕೊಂಡು ಬರುತ್ತದಂತೆ.
"ಕೋವಿಯ ನಳಿಗೆಯಲ್ಲಿ ಕಣ್ಣಿಟ್ಟ ಹಾಗೆ ಮಾರಾಯ,
ಗುರಿ ಬಿಟ್ಟು ಬೇರೇನೂ ಕಾಣೋದಿಲ್ಲ.
ಈ ಸಲ ಕೈಲ್‌ಪೊಳ್ದಿಗೆ ತೆಂಗಿನಕಾಯಿ
ನಾನೇ ಹೊಡೀತೇನೆ, ನೋಡು."

ತುದಿಯಲ್ಲಿ ಗಾಳಿ. ದೂರದಲ್ಲಿ ಪುಷ್ಪಗಿರಿ.
ಅವನು ಕತ್ತು ತಿರುಗಿಸುತ್ತ ತಿರುಗಿಸುತ್ತ
ಬೆಟ್ಟವನ್ನು ತುಂಡು ತುಂಡಾಗಿ ನೋಡಿದ.
ಎಲ್ಲ ತುಂಡೂ ಸಿಕ್ಕಿತೋ ಎಂಬ ಹಾಗೆ ಇನ್ನೊಂದು ಸಲ ಮೊದಲಿನಿಂದ.
ನಾನು ಚೀಲದಲ್ಲಿ ಉಪ್ಪಿನ ಪೊಟ್ಟಣ ಹುಡುಕಿದೆ.
ಬಹಳ ಹೊತ್ತು ಹುಡುಕಿದೆ.

ಭಾನುವಾರ ಪಿಕಪ್ಪಿನಲ್ಲಿ ಸೈಕಲ್ಲು ಮೇಲೆ ಹೋದವು.
"ಇಳಿಯೋದಕ್ಕೇ ಹತ್ತಿಸೋದಾ?" ಡ್ರೈವರ್ ಕೇಳಿದ,
"ಹಾಗಾದರೆ ಕೆಳಗೇ ಇರಬಹುದಿತ್ತಲ್ಲ."
ಅವನಿಗೆ ಉತ್ತರ ಕೊಡಲಿಲ್ಲ, ಬಾಡಿಗೆ ಕೊಟ್ಟೆವು.

"ನೀನು ಮುಂದೆ" ಅಂದ ಪೆಮ್ಮಯ್ಯ. "ಕೂಗ್ತಾ ಹೋಗು."
ಮೂವತ್ತು ವರ್ಷ
ಅವನ ಹಿಂದಿನ ಚಕ್ರದ ಕೆಸರು ತಿಂದ ಬಾಯಿ ಇದು.
ತೆರೆದೆ.

ಎಡಕ್ಕೆ ಕಲ್ಲು.
        ಹೂಂ.
ಬಲಕ್ಕೆ ಕೊರಕಲು, ಮೈ ಎಡಕ್ಕೆ ವಾಲಿಸು.
        ಹೂಂ.
ಬೇರು. ಮತ್ತೆ ಬೇರು. ಬ್ರೇಕು ಬೇಡ, ಬಿಡು, ಬಿಡು!
        ಹೂಂ, ಹೂಂ.

"ಬರೀ ಕಲ್ಲೇ ಹೇಳ್ತೀಯಲ್ಲ,
ಬೇರೇನೂ ಇಲ್ವಾ ಈ ದಾರೀಲಿ?"

ಗಂಟಲು ಒಂದು ಕ್ಷಣ ತಡವರಿಸಿತು. ಆಮೇಲೆ ಕೂಗಿದೆ:
ಬೇಲಿ ಮೇಲೆ ಯಾರದೋ ನೀಲಿ ರೈನ್‌ಕೋಟು, ಒಂದು ತೋಳಿಲ್ಲ!
ಲಾರಿ ಟಯರಿನೊಳಗೆ ಜರಿಗಿಡ!
ಕಾಫಿ ಒಂದೇ ರೆಂಬೆಯಲ್ಲಿ ಹಣ್ಣಾಗಿದೆ, ಉಳಿದದ್ದೆಲ್ಲ ಹಸಿರು!
ಸಿಳ್ಳಾರ ಕೂಗ್ತಿದೆ!
"ಅದು ನನಗೂ ಕೇಳ್ತದೆ, ಬಿಡು."

ಬಿದಿರು ಮೆಳೆಯ ತಿರುವಿನಲ್ಲಿ ಲದ್ದಿ ಬಿದ್ದಿತ್ತು.
ಪಶು ಆಸ್ಪತ್ರೆಯ ಕಂಪೌಂಡರ್ ನಾನು,
ಸಗಣಿಯ ವಯಸ್ಸು ದೂರದಿಂದಲೇ ಹೇಳಬಲ್ಲೆ.
ಇದಕ್ಕೆ ಹತ್ತು ನಿಮಿಷ. ಆವಿ ಏಳುತ್ತಿತ್ತು.
ಬ್ರೇಕು ಹಿಡಿದೆ. ಬಾಯಿಯೂ ನಿಂತಿತು.

ಅವನು ಬಂದು ಗುದ್ದಿದ.
ಇಬ್ಬರೂ ಹುಲ್ಲಿನಲ್ಲಿ, ಮೇಲೆ ಎರಡು ಸೈಕಲ್ಲು,
ಯಾವ ಚಕ್ರ ಯಾರದೆಂದು ತಿಳಿಯದೆ ತಿರುಗುತ್ತಿದ್ದವು.
ಮೊಣಕೈಯ ರಕ್ತ ಒರೆಸಿಕೊಂಡು ಪಿಸುಗುಟ್ಟಿದ:
"ಕಲ್ಲಿದ್ದರೆ ಕಲ್ಲು ಅನ್ನು. ಆನೆ ಇದ್ದರೆ ಆನೆ ಅನ್ನು.
ನೀನು ಸುಮ್ಮನಾದರೆ ಮಾತ್ರ
ನನಗೆ ಏನೂ ಕಾಣೋದಿಲ್ಲ."

ಅರ್ಧ ಗಂಟೆ ಕಾದೆವು. ಆನೆ ಬರಲಿಲ್ಲ,
ಅದರ ವಾಸನೆ ಬಂದು ಹೋಯಿತು.
ಉಳಿದಿದ್ದ ಒಂದು ಕಿತ್ತಳೆ ಸುಲಿದು ಹಂಚಿಕೊಂಡೆವು,
ಹುಳಿ, ಬೀಜವೇ ಹೆಚ್ಚು.
"ಮುಂದಿನ ವರ್ಷ..." ಅಂತ ಶುರುಮಾಡಿದೆ.
ಮುಂದೆ ಹೋಗಲಿಲ್ಲ.
"ನೋಡು, ಮತ್ತೆ" ಅಂದ, ನಕ್ಕ,
ಬೀಜವೊಂದನ್ನು ಕಾಡಿಗೆ ಉಗಿದ.

ಸೋಮವಾರ ಸ್ಕೂಟರಿನ ಹಿಂದೆ ಮಗಳು,
ಶಾಲೆಯ ಹಾದಿ, ಸೋಮವಾರಪೇಟೆಯ ಸಂತೆಯ ಗದ್ದಲ.
ಎಡಕ್ಕೆ ಗುಂಡಿ, ಅಂದೆ.
ಬಲಕ್ಕೆ ಆಟೋ. ಮೂಲಂಗಿ ರಾಶಿ. ಅದರ ಮೇಲೊಂದು ಬೆಕ್ಕು.
ಭುಜದ ಮೇಲೆ ಗಲ್ಲ ಇಟ್ಟು ಅವಳು,
"ಕಾಣ್ತದೆ, ಅಪ್ಪ."