ಹನ್ನೊಂದು ಜೊತೆ ಅಳತೆ

ಲೆಕ್ಕದ ಪುಸ್ತಕವಲ್ಲ ಇದು. ಮೆಲ್ಲಗೆ ಬಿಚ್ಚಿ,
ಹಾಳೆಯ ಅಂಚು ಮಂಡಕ್ಕಿಯ ಹಾಗೆ ಪುಡಿಯಾಗುತ್ತದೆ.
ಪುಟಕ್ಕೆ ಎರಡು ಪಾದ, ಕಾಪಿ ಪೆನ್ಸಿಲ್ಲಿನ ನೇರಳೆ ಗೆರೆ.
ಪೆನ್ಸಿಲ್ಲಿನ ತುದಿಗೆ ಎಂಜಲು ಹಚ್ಚಿ ಕೊಟ್ಟವಳು ನಾನು,
ಆಗ ಏಳು ವರ್ಷ.

ದಾವಣಗೆರೆಯಲ್ಲಿ, ಗಿರಣಿಯ ಗೇಟಿನೆದುರು
ಚಿಮಣಿಯ ನೆರಳು ಮೂರು ಗಂಟೆಗೆ ಬಂದು ಬೀಳುವಲ್ಲಿ
ಅಪ್ಪ ಮೈಲಾರಪ್ಪನ ಗೋಣಿತಾಟು, ಉಳಿ, ರಂಪಿಗೆ, ಮೇಣದ ನೂಲು.
ಮಂದಿಯ ಮೆಟ್ಟಿನಿಂದಲೇ ನಮ್ಮ ರೊಟ್ಟಿ.
ಆದರೂ ಅವನಿಗೆ ಬರಿಗಾಲಿನ ಆಟದ ಹುಚ್ಚು.
ಲಂಡನ್ನಿನ ಒಲಿಂಪಿಕ್ಸ್ ಅಂದರೆ ಸಾಕು, ಕೈಯಲ್ಲಿದ್ದದ್ದು ಕೆಳಗೆ:
"ಬೂಟಿನ ಫ್ರಾನ್ಸಿನೆದುರು ನಮ್ಮವರದು ಬರಿಗಾಲು, ಲೇ.
ಎರಡಕ್ಕೆ ಒಂದರಲ್ಲಿ ಸೋತರು.
ಎರಡು ಪೆನಾಲ್ಟಿ ಕೈಬಿಟ್ಟರು. ಕಾಲು ಬಿಟ್ಟರು ಅನ್ನಬೇಕೇನೋ!"
ಕಂಡವನಲ್ಲ. ಗುಮಾಸ್ತರು ಓದಿ ಎಸೆದ ಪೇಪರಿನಲ್ಲಿ
ಮೆಟ್ಟು ಸುತ್ತುವ ಮೊದಲು
ಯಾರಿಂದಲೋ ಓದಿಸಿಕೊಂಡದ್ದು.

ಆಮೇಲೆ ಹೆಲ್ಸಿಂಕಿ.
ಅವರು ಹತ್ತು, ನಾವು ಒಂದು.
ಸಾವಿರಾರು ಮೈಲಿ ಆಚೆ ಥಂಡಿಗೆ ಮರಗಟ್ಟಿದ ಹೆಬ್ಬೆರಳುಗಳನ್ನು
ಅಂಗೈಯಲ್ಲಿ ಉಜ್ಜುವವನ ಹಾಗೆ ಅಪ್ಪ ಕೂತಿದ್ದ.
ಇನ್ನು ಬೂಟು ಕಡ್ಡಾಯವಂತೆ.
ಗಿರಣಿಯ ಟೀಮಿಗೂ ಹನ್ನೊಂದು ಜೊತೆ, ಮುಂಗಡ ಹತ್ತು ರೂಪಾಯಿ.
ದೇಶ ಸೋತದ್ದರಿಂದ ನಮ್ಮನೆಯಲ್ಲಿ ಒಂದಿಷ್ಟು ದಿನ ಅನ್ನ.
ಅಪ್ಪ ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಈ ಪಾದ ಗೋಲಿ ದಾದಾಪೀರನದು,
ಮಂಡಕ್ಕಿ ಭಟ್ಟಿಯ ಬಿಸಿ ಮರಳು ತುಳಿದು ಬೆಳೆದದ್ದು,
ಬೂಟು ಹಾಕಿದರೆ ಕಾಲು ಕುರುಡಾಗುತ್ತದೆ ಅನ್ನುತ್ತಿದ್ದ.
ಇದು ಕಾರ್ಡಿಂಗಿನ ಕೊಟ್ರಬಸಪ್ಪ.
ಕಿರುಬೆರಳು ಎಲ್ಲಿ ಅಂತ ಹುಡುಕಬೇಡಿ, ಯಂತ್ರ ಇಟ್ಟುಕೊಂಡಿತು.
ಇದು ಬಾಯ್ಲರ್ ಫಿಲಿಪ್ಪ, ಕಚಗುಳಿಗೆ ನಕ್ಕದ್ದು
ಗೆರೆಯಲ್ಲಿ ಇನ್ನೂ ನಡುಗುತ್ತಿದೆ.

ಹನ್ನೊಂದನೆಯದು ನೋಡಿ, ಹೇಗೆ ಸೊಟ್ಟ.
ಟೈಮ್‌ಕೀಪರ್ ಶೇಷಗಿರಿ, ಸೆಂಟರ್ ಫಾರ್ವರ್ಡ್.
ಅಪ್ಪನ ಬೆರಳು ತಾಗೀತೆಂದು ಕಾಲು ಹಿಂದೆಳೆದ,
ಪೆನ್ಸಿಲ್ ನೆಲಕ್ಕಿಡಿಸಿದ, ಎತ್ತಿಕೊಂಡು
ತಾನೇ ಬಗ್ಗಿ ಬರೆದುಕೊಂಡ.
ಬಗ್ಗಿದವನ ಪಾದ ಹರಡುತ್ತದೆ, ಅಳತೆ ಹಿಗ್ಗುತ್ತದೆ.
ಅಪ್ಪನಿಗೆ ಗೊತ್ತಿತ್ತು.
ಗೆರೆ ಇದ್ದ ಹಾಗೇ ಹೊಲಿದ.

ಹರಿಹರದವರ ಮೇಲೆ ಪಂದ್ಯ, ಸಮಸಮ, ಇನ್ನು ಐದು ನಿಮಿಷ,
ನಮಗೆ ಪೆನಾಲ್ಟಿ.
ಶೇಷಗಿರಿ ಓಡಿ ಬಂದು ಒದ್ದ.
ಚೆಂಡು ಹೊರಗೆ, ಬೂಟು ಗೋಲಿನೊಳಗೆ.
ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು.
ಅಪ್ಪ ರಾತ್ರಿ ಉಣ್ಣಲಿಲ್ಲ.
"ಲಂಡನ್ನಿನಲ್ಲಿ ಎರಡು, ಇಲ್ಲೊಂದು.
ಅಲ್ಲಿಯದು ಕಾಲಿನ ತಪ್ಪು.
ಇದು ನನ್ನದು."

ಮೆಲ್ಬೋರ್ನಿನಲ್ಲಿ ನಮ್ಮವರು ಮನೆಯವರಿಗೇ ನಾಲ್ಕು ಬಡಿದು
ನಾಲ್ಕನೆಯವರಾದರು. ನಾಲ್ಕನೆಯವರ ಕೊರಳಿಗೆ ಏನೂ ಬೀಳುವುದಿಲ್ಲ.
ರೋಮಿನ ನಂತರ ಒಲಿಂಪಿಕ್ಸಿನ ಹುಲ್ಲು ನಮ್ಮ ಕಾಲು ಕಂಡಿಲ್ಲ.
ಆದರೆ ಜಕಾರ್ತ! ಏಷ್ಯಾದ ಕೂಟ, ಕ್ಯಾಂಟೀನಿನ ರೇಡಿಯೊ,
ಗರಗರ ಸದ್ದಿನ ನಡುವೆ ಚಿನ್ನ.
ತಲೆ ಒಡೆದು ಹೊಲಿಗೆ ಹಾಕಿಸಿಕೊಂಡವನೊಬ್ಬ
ಅದೇ ತಲೆಯಿಂದ ಗೋಲು ಹೊಡೆದನೆಂದು ಕೇಳಿ
ಅಪ್ಪ ಎದ್ದೇ ನಿಂತ:
"ಯಾವನಲೇ ಹೊಲಿದವನು? ಅವನ ಕೈಗೆ ಶರಣು."

ಗಿರಣಿ ಮುಚ್ಚಿತು. ನೆರಳು ಬೀಳುತ್ತಿದ್ದಲ್ಲಿ ಈಗ ಮೊಬೈಲ್ ಅಂಗಡಿ.
ಅಪ್ಪ ಹೋದ ಮೇಲೆ ಪುಸ್ತಕ ಕಟ್ಟಿಡುವಾಗ ಕಂಡೆ,
ಹನ್ನೆರಡನೆಯ ಪುಟ.
ಹನ್ನೊಂದನೆಯದೇ ಪಾದ, ಅದೇ ಉದ್ದದ ಎರಡನೇ ಬೆರಳು.
ಆದರೆ ಗೆರೆ ನೆಟ್ಟಗಿದೆ, ಅಪ್ಪನ ಕೈಯದು.
ತಾರೀಖಿಲ್ಲ. ಬೂಟು ಹೊಲಿದನೋ ಇಲ್ಲವೋ.

ಯಾವಾಗ ಬಂದನೋ ಅವನು,
ಬಂದು ಎಷ್ಟು ಹೊತ್ತು ನಿಂತನೋ.
ಪೆನ್ಸಿಲ್ಲಿಗೆ ಎಂಜಲು ಹಚ್ಚಿಕೊಟ್ಟವರು
ಯಾರೋ.